ಮ್ಯಾಂಡೊಲಿನ್ ಮೇಲಿನ ದೂರು

ಸುನಂದಾ ನಿಪ್ಪಟ್ಟಿನ ತಟ್ಟೆಯನ್ನು ಹರ್ಷವರ್ಧನನ ಮುಂದೆ ಕುಕ್ಕಿದ ರಭಸಕ್ಕೆ ಎರಡು ನಿಪ್ಪಟ್ಟು ಚಾಪೆಯ ಮೇಲೆ ಉರುಳಿದವು. ಅವನು ಅವನ್ನು ಹೆಕ್ಕಿಕೊಂಡು ತಿಂದು, ಸೂಪರ್ ಆಗಿದೆ ಆಂಟಿ ಎಂದ. ತಿನ್ನು, ತಿನ್ನು ಎಂದುಕೊಂಡಳು ಅವಳು. ಉಂಡ ಮನೆಗೆ ಎರಡು ಬಗೆಯುವವರಿಗೆ ಹಸಿವು ಜಾಸ್ತಿ.

ಕಡಲಾಚೆಯ ಟ್ಯಾಂಪಿನೀಸ್ ಬಡಾವಣೆಯ ಆ ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ಭಾನುವಾರ ಮಧ್ಯಾಹ್ನ ಇಪ್ಪತ್ತು ಜನ ಸೇರಿದ್ದರು. ಗೇಟಿನ ಹೊರಗೆ ಚಪ್ಪಲಿಗಳ ರಾಶಿ. ಸೋಫಾ ಮಲಗುವ ಕೋಣೆ ಸೇರಿತ್ತು. ಅದಿದ್ದ ಜಾಗದಲ್ಲಿ ನಾಲ್ವರು ಮುದುಕರು ನಿಂತು ಬ್ಲೂಗ್ರಾಸ್ ನುಡಿಸುತ್ತಿದ್ದರು. ಬ್ಯಾಂಜೋ ಹಿಡಿದವನು ಬೂನ್ ಸೆಂಗ್. ಪಿಟೀಲು, ಬಾಸ್ ಇನ್ನಿಬ್ಬರದು. ಮ್ಯಾಂಡೊಲಿನ್ ಅವಳ ಗಂಡ ದತ್ತಾತ್ರೇಯನದು. ಶಿಪ್‌ಯಾರ್ಡಿನಲ್ಲಿ ಜೊತೆಗೆ ದುಡಿಯುವಾಗ ಕ್ಯಾಸೆಟ್ ಕೇಳಿ ಕೇಳಿ ಕಲಿತ ಅಮೆರಿಕದ ಗುಡ್ಡಗಾಡಿನ ಸಂಗೀತ ಅದು. ಮೂವತ್ತನಾಲ್ಕು ವರ್ಷದಿಂದ ಭಾನುವಾರ ತಪ್ಪಿಸಿದವರಲ್ಲ. ನಿವೃತ್ತಿಯ ಮೇಲೆ ದತ್ತಾತ್ರೇಯನಿಗೆ ಉಳಿದದ್ದು ಇದೊಂದೇ. ಇದೂ ಹೋದರೆ ಮನುಷ್ಯ ಮೂಲೆ ಹಿಡಿಯುತ್ತಾನೆ ಎಂಬ ಹೆದರಿಕೆ ಸುನಂದಾಳದು.

ಅದಕ್ಕೇ ಈಗ ಸಂಚಕಾರ ಬಂದಿತ್ತು. ಬ್ಲಾಕಿನ ನಿವಾಸಿಗಳ ಸಮಿತಿಗೆ ಮೂರು ದೂರು ಹೋಗಿದ್ದವು. ಟೈಪ್ ಮಾಡಿದ್ದು, ಸಹಿ ಇಲ್ಲ. ಇನ್ನೊಂದು ಬಂದರೆ ಮನೆಯಲ್ಲಿ ನುಡಿಸುವುದು ಬಂದ್. ಬರೆದವರೇ ಹಿಂತೆಗೆದುಕೊಂಡರೆ ಮಾತ್ರ ಉಳಿಗಾಲ ಎಂದು ಸಮಿತಿ ಹೇಳಿ, ಮೂರರದ್ದೂ ಪ್ರತಿ ಕೊಟ್ಟು ಕಳಿಸಿತ್ತು.

ಬೂನ್ ಸೆಂಗನ ಬ್ಯಾಂಜೋ ಕೆಳಗೆ ಬ್ಲಾಕಿನ ಬುಡದ ತೆರೆದ ಪಡಸಾಲೆ, ಆ ವಾಯ್ಡ್ ಡೆಕ್‌ವರೆಗೂ ಕೇಳುತ್ತದೆ. ಅದರ ಬಗ್ಗೆ ಒಂದಕ್ಷರವಿಲ್ಲ. ದೂರೆಲ್ಲ ಮ್ಯಾಂಡೊಲಿನ್ ಮೇಲೆ. ತಾಳ ಬಿಡುತ್ತಿದೆ, ಕೇಳುವುದು ಹಿಂಸೆ, ನಿಲ್ಲಿಸಿ ಎಂದು ಮೊದಲೆರಡರಲ್ಲಿತ್ತು. ಮೂರನೆಯದು ಇನ್ನೂ ಕೊಬ್ಬಿನದು: ಮೂವತ್ತನಾಲ್ಕು ವರ್ಷ ನುಡಿಸಿದ್ದಾರೆ, ಇನ್ನು ಆ ಹಿರಿಯರಿಗೆ ವಿಶ್ರಾಂತಿ ಕೊಡಿ ಎಂದಿತ್ತು. ಓದಿದ ದಿನ ಅವಳಿಗೆ ಅನ್ನ ಸೇರಲಿಲ್ಲ.

ದತ್ತಾತ್ರೇಯ ಮಾತ್ರ ಮೂರನ್ನೂ ಓದಿ, ಮಡಿಚಿಟ್ಟು, ಜನಕ್ಕೆ ಬೇಡವಾದರೆ ಬಿಟ್ಟುಬಿಡೋಣ ಎಂದಿದ್ದ. ಆ ಸಾಧುತನ ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಪಾಲಿನ ಸಿಟ್ಟನ್ನೂ ಅವಳೇ ಹೊತ್ತುಕೊಂಡಳು.

ಬರೆದವನು ಯಾರೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಬ್ಲಾಕಿನವರಿಗೆಲ್ಲ ತಂತಿ ಇದ್ದದ್ದೆಲ್ಲ ಗಿಟಾರೇ. ಮ್ಯಾಂಡೊಲಿನ್ ಎಂದು ಗುರುತಿಸಿ ತಾಳದ ತಪ್ಪು ಹಿಡಿಯಬಲ್ಲವನು ಏಳನೆಯ ಮಹಡಿಯ ಹರ್ಷವರ್ಧನ ಒಬ್ಬನೇ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬಂದವನು, ಮೃದಂಗ ನುಡಿಸುತ್ತಾನೆ. ಲಿಫ್ಟಿನಲ್ಲಿ ಅವಳೆದುರೇ, "ಅಂಕಲ್, ಲಾಸ್ಟ್ ಸಂಡೇ ಸ್ವಲ್ಪ ಸ್ಲೋ ಆಯ್ತಲ್ವಾ?" ಎಂದಿದ್ದ. ದತ್ತಾತ್ರೇಯ ನಕ್ಕು ಥ್ಯಾಂಕ್ಸ್ ಹೇಳಿದ್ದ. ಪರರು ಬರೆದಿದ್ದರೆ ಹಾಳಾಗಲಿ ಎನ್ನಬಹುದಿತ್ತು. ನಮ್ಮವನೇ ಬರೆದನಲ್ಲ ಎಂಬುದು ಅವಳಿಗೆ ತಡೆಯಲಾರದ್ದು. ಅದಕ್ಕೆಂದೇ ಇವತ್ತು ಅವನನ್ನು ಕರೆದದ್ದು. ದೂರು ಹಿಂತೆಗೆದುಕೊಳ್ಳುವ ಪತ್ರ, ಪೆನ್ನು ಎರಡೂ ಸಿದ್ಧವಿದ್ದವು.

ಮೂರನೆಯ ಹಾಡು ವೇಗದ್ದು. ಈ ಸಂಗೀತಕ್ಕೆ ಡ್ರಮ್ ಇಲ್ಲ. ಮ್ಯಾಂಡೊಲಿನ್ ತಂತಿಯನ್ನು ಅದುಮಿ ಚಕ್ ಚಕ್ ಎಂದು ಹೊಡೆಯುವ ಏಟೇ ಎಲ್ಲರಿಗೂ ತಾಳ. ದತ್ತಾತ್ರೇಯ ಬೆವರುತ್ತಿದ್ದ. ನಡುವೆ ಬೂನ್ ಸೆಂಗ್ ಇದ್ದಕ್ಕಿದ್ದಂತೆ ಓಟ ತಗ್ಗಿಸಿದ. ಅವನಿಗೂ ವಯಸ್ಸಾಯಿತು ಎಂದುಕೊಂಡಳು ಸುನಂದಾ. ಅಷ್ಟರಲ್ಲಿ ಹರ್ಷವರ್ಧನ ತೊಡೆಯ ಮೇಲೆ ಹಾಕುತ್ತಿದ್ದ ತಾಳ ನಿಲ್ಲಿಸಿ ತಲೆ ತಗ್ಗಿಸಿದ. ಅವಳಿಗೆ ಅಷ್ಟು ಸಾಕಾಯಿತು.

ಚಪ್ಪಾಳೆ ಮುಗಿಯುವ ಮೊದಲೇ ಎದ್ದು ನಿಂತಳು. ಈ ಮನೆಯಲ್ಲಿ ತಿಂದು ಈ ಮನೆಯ ಮೇಲೇ ದೂರು ಬರೆದವರು ಇಲ್ಲೇ ಇದ್ದಾರೆ ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಹರ್ಷವರ್ಧನನ ಹೆಗಲನ್ನೇ ನೋಡುತ್ತಿದ್ದಳು, ಬೇರೆ ಯಾರ ಕಡೆಗೂ ತಿರುಗಲಿಲ್ಲ.

ಪತ್ರವನ್ನು ಅವನ ಮಡಿಲಿಗೆ ಎಸೆದಳು. "ತಾಳ ಗೊತ್ತಿರೋನು ಇಲ್ಲಿ ನೀನೊಬ್ನೇ ಅಲ್ವೇನೋ? ಸೈನ್ ಮಾಡು."

ತಾನು ಬರೆದಿಲ್ಲವೆಂದು ಅವನು ತೊದಲಿದ. ಹೇಳುವುದಿದ್ದರೆ ಅಂಕಲ್ ಹತ್ತಿರವೇ ಹೇಳುತ್ತೇನೆ, ಒಮ್ಮೆ ಹೇಳಿಯೂ ಇದ್ದೆನಲ್ಲ ಎಂದ. ನಾಚಿಕೆಗೆಟ್ಟವನು, ಹಿರಿಯರ ಅನ್ನಕ್ಕೆ ಮಣ್ಣು ಹಾಕುವವನು ಎಂದು ಅವಳು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನ ಕಣ್ಣು ತುಂಬಿತು. ಎದ್ದು ಚಪ್ಪಲಿ ಹುಡುಕಲು ಹೊರಟ.

"ಅವನನ್ನ ಬಿಡು, ಸುನಂದಾ."

ದತ್ತಾತ್ರೇಯ ಮ್ಯಾಂಡೊಲಿನ್ ಅನ್ನು ಕುರ್ಚಿಯ ಮೇಲೆ ಇಟ್ಟಿದ್ದ. ಎಡಗೈ ಬಿಚ್ಚಿ ತೋರಿಸಿದ. ಕೊನೆಯ ಎರಡು ಬೆರಳು ನೆಟ್ಟಗಾಗಲಿಲ್ಲ. ಗೆಳೆಯರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದ. ಬೆರಳು ಕೈಕೊಟ್ಟು ಎಂಟು ತಿಂಗಳು. ನಾನಾಗಿ ಬಿಡುತ್ತೇನೆ ಎನ್ನಲು ಇವರ ಮುಖ ನೋಡಿ ಬಾಯಿ ಬರಲಿಲ್ಲ. ಹೊರಗಿನವರು ಯಾರೋ ನಿಲ್ಲಿಸಿದರು ಎಂದಾದರೆ ಯಾರಿಗೂ ನೋವಿಲ್ಲ ಎಂದುಕೊಂಡೆ. ದೂರು ಬರೆದವನು ನಾನೇ.

ಸುನಂದಾ ಗಂಡನ ಕಡೆ ತಿರುಗಿದಳು. ಮನೆಯೊಳಗೇ ಕೂತು ತನಗೂ ಹೇಳದೆ ಬರೆದನಲ್ಲ ಎಂಬ ಸಿಟ್ಟು ಒಂದು ಕಡೆ, ಬಾಗಿಲಲ್ಲಿ ನಿಂತ ಹರ್ಷವರ್ಧನನ ಮುಖ ನೋಡಲಾಗದ ಸಂಕಟ ಇನ್ನೊಂದು ಕಡೆ.

"ಮೂರೂ ನೀವೇ ಬರೆದಿದ್ದಾ?"

"ಎರಡು," ಎಂದ ದತ್ತಾತ್ರೇಯ, ಮತ್ತೆ ಇಂಗ್ಲಿಷಿನಲ್ಲೇ. ವಿಶ್ರಾಂತಿ ಕೊಡಿ ಎಂದಿದ್ದ ಮೂರನೆಯದು ಯಾರದೆಂದು ತನಗೂ ಗೊತ್ತಿಲ್ಲ ಎಂದ.

ಅವಳಿಗೆ ಮತ್ತೆ ಜೀವ ಬಂತು. ಹಾಗಾದರೆ ಕಳ್ಳ ಇನ್ನೂ ಇಲ್ಲೇ ಇದ್ದಾನೆ ಎಂದು ಬಾಗಿಲ ಕಡೆ ತಿರುಗಿದಳು.

ಬೂನ್ ಸೆಂಗ್ ಬ್ಯಾಂಜೋದಿಂದ ತಲೆ ಎತ್ತದೆ ಇಲ್ಲಿನ ಧಾಟಿಯ ಇಂಗ್ಲಿಷಿನಲ್ಲಿ ಹೇಳಿದ: "ದಟ್ ಒನ್ ಮೈನ್ ಲಾ, ದತ್ತಾ."