ಸೊಟ್ಟ ಮುಚ್ಚಳ

ಆಸ್ಪತ್ರೆಯಿಂದ ಬಂದ ಥೆಲ್ಮಾ ಮನೆಯೊಳಗೆ ಕಾಲಿಡಲಿಲ್ಲ, ನೇರ ಹಿತ್ತಲ ಶೆಡ್ಡಿಗೆ ನಡೆದಳು. ಬಿಯರ್ ಹುಳಿಯಲು ಇಟ್ಟಿದ್ದ ಪ್ಲಾಸ್ಟಿಕ್ ಡ್ರಮ್ಮು ತೊಳೆದು ಬೋರಲು ಹಾಕಿತ್ತು.

"ಕ್ಲೈವ್! ಇದರಲ್ಲಿದ್ದದ್ದು ಎಲ್ಲಿ?"

ಅವಳ ಚೀಲ ಹೊತ್ತು ಬಂದ ಮೈದುನ ನಿಂತಲ್ಲೇ ನಿಂತ. "ಬೆಳಗ್ಗೆ ಚೆಲ್ಲಿದೆ ಮಾರಾಯ್ತಿ. ಸತ್ತೇ ಹೋಗಿತ್ತು ಅದು. ಮುಚ್ಚಳದ ಮೇಲೆ ನೀರಿನ ಕೊಳವೆ ಇದೆಯಲ್ಲ, ಏರ್‌ಲಾಕು, ಬಿಯರ್ ಹುಳೀತಿದ್ರೆ ಅದರಲ್ಲಿ ಗುಳ್ಳೆ ಏಳ್ಬೇಕು, ಒಂದೂ ಇಲ್ಲ! ಕಣ್ಣು ಬಿಟ್ಕೊಂಡು ಕಾದೆ. ನಿಂಗೆ ಕೆಲಸ ಕಮ್ಮಿಯಾಗ್ಲಿ ಅಂತ..."

ಕೇಳದೆ ಉಪಕಾರ ಮಾಡುವವರ ಕೈಗೆ ಮೊದಲು ಬೇಡಿ ಹಾಕಬೇಕು. ಮುಂದಿನ ತಿಂಗಳಿಗೆ ಗಂಡ ರೆಜ್ ತೀರಿಕೊಂಡು ವರ್ಷವಾಗುತ್ತದೆ. ಅವತ್ತು ಅವನ ಗೆಳೆಯರಿಗೆಲ್ಲ ಒಂದೊಂದು ಗ್ಲಾಸು ಕೊಡಬೇಕೆಂದು, ಡರ್ವೆಂಟ್ ಹೊಳೆಯ ದಂಡೆಯಲ್ಲಿ ಅವನೇ ನೆಟ್ಟಿದ್ದ ಹಾಪ್ ಬಳ್ಳಿಯ ಹೂವು ಹಾಕಿ ಥೆಲ್ಮಾ ಕಾಯಿಸಿದ ಬಿಯರ್ ಅದು. ಕೊಯ್ಲು ಮುಗಿದ ಮೇಲೆ ಬಳ್ಳಿ ಬುಡಸಮೇತ ಕೊಳೆತುಹೋಗಿತ್ತು. ಇನ್ನು ಆ ಹೂವು ಬೇಕೆಂದರೂ ಇಲ್ಲ.

"ಗುಳ್ಳೆ ಎಲ್ಲಿಂದ ಬರುತ್ತೋ? ನೋಡಿಲ್ಲಿ!" ಅವಳು ಮುಚ್ಚಳವನ್ನು ಅವನ ಮೂಗಿನ ಮುಂದೆ ಹಿಡಿದಳು. ಒಂದು ಅಂಚು ಸೊಟ್ಟಗಿತ್ತು. "ನಿಮ್ಮಣ್ಣ ದಿನಾ ಸಂಜೆ ಇದರ ಮೇಲೇ ಕೂತು ಬೂಟು ಬಿಚ್ತಿದ್ದ. ಗಾಳಿಯೆಲ್ಲ ಈ ಸಂದಿಯಿಂದ ಹೋಗುತ್ತೆ. ಏರ್‌ಲಾಕು ಗುಳುಗುಳು ಅಂದು ಎಷ್ಟೋ ವರ್ಷ ಆಯ್ತು. ಒಂದು ತೊಟ್ಟು ನಾಲಿಗೆ ಮೇಲೆ ಹಾಕ್ಕೊಂಡು ನೋಡೋಕೆ ನಿಂಗೇನಾಗಿತ್ತು ರೋಗ?"

"ಹೊಸ ಮುಚ್ಚಳ ತರಬಹುದಿತ್ತಲ್ಲ..."

"ತರಲಿಲ್ಲ!"

ಕ್ಲೈವ್ ಸುಮ್ಮನಿರಬಹುದಿತ್ತು. ಇರಲಿಲ್ಲ. "ಆದ್ರೂ ಅದು ಬಿಯರ್ ಆಗಿತ್ತು ಅಂತ ಏನು ಗ್ಯಾರಂಟಿ?"

ಥೆಲ್ಮಾ ಅವನ ತೋಳು ಹಿಡಿದು, ಅವನು ಚೆಲ್ಲಿದ್ದ ಜಾಗದತ್ತ ತಿರುಗಿಸಿದಳು. ಕೋಳಿಗಳು ಇನ್ನೂ ಕೆಸರು ಕುಕ್ಕುತ್ತಿದ್ದವು. ಹುಂಜ ನಾಲ್ಕು ಹೆಜ್ಜೆ ತೂರಾಡಿ, ಬೇಲಿಗೆ ಒರಗಿ, ಕೂಗಲು ಕೊರಳೆತ್ತಿ, ಯಾಕೆಂದು ಮರೆತು ಕುಸಿದು ಕೂತಿತು.

ಕ್ಲೈವ್ ಟೋಪಿ ತೆಗೆದ. "ತಪ್ಪಾಯ್ತು ಥೆಲ್ಮಾ. ಒಂದು ಸದ್ದೂ ಇರಲಿಲ್ಲವಲ್ಲ, ಅದಕ್ಕೆ..."

"ಆಪರೇಷನ್ ಆದ್ಮೇಲೆ ಎರಡು ದಿನ ನನ್ನದೂ ಸದ್ದಿರಲಿಲ್ಲ." ಥೆಲ್ಮಾ ಸೊಟ್ಟ ಮುಚ್ಚಳವನ್ನು ಎದೆಗವಚಿಕೊಂಡಳು. "ಪುಣ್ಯಕ್ಕೆ ಪಕ್ಕದಲ್ಲಿ ನೀನಿರಲಿಲ್ಲ."