ಕನ್ನಡಿಯ ಜಪಮಾಲೆ

ಕಾರಿನ ಕನ್ನಡಿಗೆ ಕಟ್ಟಿದ್ದ ಜಪಮಾಲೆಯ ಗಂಟು ಬಿಚ್ಚುತ್ತಿದ್ದ ಒಲಿಂಡಾಳ ಬೆರಳುಗಳು ಅರ್ಧದಲ್ಲೇ ನಿಂತವು. ಗಾಡಿ ಕೊಳ್ಳಲು ದುಬೈನ ದೇರಾದಿಂದ ಬಂದಿದ್ದ ಭಟ್ಕಳದ ವ್ಯಾಪಾರಿ ಮುಝಫ್ಫರ್, ಅವಳ ಬದಿಯ ಬಾಗಿಲಿನ ತಗ್ಗನ್ನು ಸವರುತ್ತ, “ಇದೆಂಥದು?” ಎಂದು ಕೇಳಿದ್ದ.

“ಮದೀನತ್ ಜಾಯೆದ್ ರೋಡಲ್ಲಿ ಲಾರಿ ಗುದ್ದಿದ್ದು,” ಎಂದ ಅವಳ ಗಂಡ ಆನ್ಸೆಲ್ಮ್. “ಇವಳು ಅಲ್ಲೇ ಕೂತಿದ್ದಳು. ಸಣ್ಣ ಗಾಡಿ ಆಗಿದ್ರೆ...” ಅಂದಿನಿಂದ ಆ ಸುದ್ದಿ ಎತ್ತಿದವನೇ ಅಲ್ಲ ಅವನು. “ಅಮೆರಿಕದ ಗಾಡಿಯಲ್ವಾ, ಇವಳ ಕೂದಲೂ ಕೊಂಕಲಿಲ್ಲ,” ಎನ್ನುತ್ತ, ಹಟ್ಟಿಯ ಎಮ್ಮೆಯ ಬೆನ್ನು ತಟ್ಟುವ ಹಾಗೆ ಬಾನೆಟ್ಟನ್ನು ಮೆಲ್ಲಗೆ ತಟ್ಟಿದ.

ಮಾರಿಬಿಡುವ ಎಂದು ಹಠ ಹಿಡಿದವಳು ಒಲಿಂಡಾಳೇ. ಈ ಆನೆಯ ಹೊಟ್ಟೆಗೆ ಎಷ್ಟು ಸುರಿದರೂ ಸಾಲದು ಎಂದು ಅವಳು ಬೈಯದ ದಿನವಿರಲಿಲ್ಲ. ಅಷ್ಟೇನೂ ಕುಡಿಯುವುದಿಲ್ಲ ಮಾರಾಯ್ತಿ ಎಂದು ಆನ್ಸೆಲ್ಮ್ ಪ್ರತಿಸಲವೂ ಗಾಡಿಯ ಪರ ವಹಿಸುತ್ತಿದ್ದ.

“ಪೆಟ್ರೋಲ್ ಹೇಗೆ?” ಮುಝಫ್ಫರ್ ಕೇಳಿದ.

ಗಂಡ ಬಾಯಿ ತೆರೆಯುವ ಮೊದಲೇ ಒಲಿಂಡಾ ಕಿಟಕಿಯಿಂದ ತಲೆ ಹೊರಹಾಕಿದಳು. “ಕೇಳ್ಬೇಡಿ ಭಾಯ್! ಅಬುಧಾಬಿ ಮುಟ್ಟುವುದರೊಳಗೆ ಟ್ಯಾಂಕ್ ಖಲಾಸ್. ನಿಮಗೆ ಜಪಾನಿನದ್ದೇ ಒಳ್ಳೇದು.”

ಮುಝಫ್ಫರ್ ಅವಳ ಕೈಯಲ್ಲಿದ್ದ ಜಪಮಾಲೆಯನ್ನು ನೋಡಿದ, ಬಾಗಿಲಿನ ತಗ್ಗನ್ನು ನೋಡಿದ, ನಕ್ಕು ಸಲಾಂ ಹೇಳಿ ಹೊರಟುಹೋದ.

ಆನ್ಸೆಲ್ಮ್ ಕಿಟಕಿಗೆ ಬಗ್ಗಿ ಅವಳ ಮುಖ ನೋಡಿದ. ಒಲಿಂಡಾ ಮಾಲೆಯನ್ನು ಮತ್ತೆ ಕನ್ನಡಿಗೆ ಕಟ್ಟಿ, ಮೇಲಿಂದ ಇನ್ನೊಂದು ಗಂಟು ಬಿಗಿದಳು.

“ಎಂಥ ನೋಡುದು? ಯಲ್ಲಾ, ನಡೀರಿ, ಗಾಡಿ ಹತ್ತಿ. ಮೊದಲು ಪಂಪಿಗೆ ಹೋಗುವ. ಕುಡೀಲಿ, ಪಾಪ.”