ಒಂದಕ್ಷರದ ತಿದ್ದುಪಡಿ

ವನಮಾಲೆ ಮರುಮದುವೆಯಾಗಿ ಎರಡು ವರ್ಷವಾಗಿತ್ತು. ಆದರೂ ಗಂಡನ ಬಾಯಲ್ಲಿ ಇಂಚರ ಇನ್ನೂ ‘ನಿನ್ನ ಮಗಳು’. ಈಗ ಕರುಳಿನ ಉರಿಯೂತ ಮರುಕಳಿಸಿ ಹುಡುಗಿ ಮತ್ತೆ ಆಸ್ಪತ್ರೆ ಸೇರಿದ್ದಳು.

“ಜೀವಕೋಶದೊಳಗೆ ಆರ್‌ಎನ್‌ಎ ಅನ್ನೋ ಓಲೆ ಇರತ್ತಮ್ಮ,” ಎಂದರು ಡಾಕ್ಟರು. “ಅದರಲ್ಲಿ ಅಲ್ಲಲ್ಲಿ ಒಂದೊಂದಕ್ಷರನ ಕೋಶವೇ ತಿದ್ದಬೇಕು. ತಿದ್ದದಿದ್ರೆ ಕಾವಲು ಕೋಶಗಳು ನಮ್ಮದನ್ನೇ ಹೊರಗಿನದು ಅಂದ್ಕೊಂಡು ಕರುಳನ್ನ ಸುಡ್ತವೆ.”

ಗಂಡ ಮೊಬೈಲಿನಿಂದ ತಲೆಯೆತ್ತಲಿಲ್ಲ.

“ಕೇಳಿಸ್ತೇನ್ರೀ?” ವನಮಾಲೆ ರೇಗಿದಳು.

“ನಿನ್ನ ಮಗಳ ವಿಷಯ. ನೀನು ಕೇಳಿದ್ಯಲ್ಲ, ಸಾಕು.”

ಅಷ್ಟರಲ್ಲಿ ವಾರ್ಡಿನೊಳಗಿಂದ ಇಂಚರ ನೋವಿಗೆ ಚೀರಿದಳು. ವನಮಾಲೆ ಸೆರಗು ಸಾವರಿಸಿಕೊಂಡು ಏಳುವಷ್ಟರಲ್ಲಿ ಗಂಡ ಬಾಗಿಲಲ್ಲಿದ್ದ. ನರ್ಸ್ ಕೈ ಅಡ್ಡ ಹಿಡಿದಳು.

“ಹೊರಗಿನವರು ಬರೋ ಹಾಗಿಲ್ಲ.”

“ಯಾರು ಹೊರಗಿನವರು? ಅವಳು ನನ್ನ ಮಗಳು ಕಣಮ್ಮ!”